ಎದೆಯ ನಡುಕ, ಬೀಡಿಯ ಹೊಗೆ: ಎರಡಕ್ಕೂ ಒಟ್ಟಿಗೇ ಮದ್ದು

(ಮಹಿಳಾ ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹೊಡೆತದ ಬಗ್ಗೆ, ವರದಕ್ಷಿಣೆಯ ಬಗ್ಗೆ, ಠಾಣೆ-ಕೋರ್ಟುಗಳ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ಹೊಡೆತ ನಿಂತ ಮೇಲೂ ಹೆಣ್ಣಿನೊಳಗೆ ಉಳಿಯುವ ನೋವಿನ ಬಗ್ಗೆ ಮಾತಾಡಿದ್ದು ಕಡಿಮೆ. ಅವಳ ಕೈಯಲ್ಲಿರುವ ಬೀಡಿಯ ಬಗ್ಗೆ, ಸೆರಗಿನ ಗಂಟಿನಲ್ಲಿರುವ ಹೊಗೆಸೊಪ್ಪಿನ ಬಗ್ಗೆಯಂತೂ ಮಾತೇ ಇಲ್ಲ. ಇಂದು ಈ ಎರಡನ್ನೂ ಕೂಡಿಸಿ ಮಾತಾಡುತ್ತೇನೆ.

ಗಂಡನ ಮನೆ ಬಿಟ್ಟು ಬಂದು ವರ್ಷಗಳಾದರೂ ಬಾಗಿಲು ಬಡಿದ ಸದ್ದಿಗೆ ಬೆಚ್ಚುವವರು, ರಾತ್ರಿ ಅದೇ ಕನಸು ಕಂಡು ಚೀರುವವರು, ಆ ಬೀದಿಗೆ ಕಾಲಿಡಲಾರದವರು ನಮ್ಮ ಸಂಘಗಳಲ್ಲೇ ಇದ್ದಾರೆ. ಊರವರು "ಗಾಳಿ ಸೋಕಿದೆ" ಅನ್ನುತ್ತಾರೆ. ವೈದ್ಯರು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಪಿ.ಟಿ.ಎಸ್.ಡಿ. ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ಅದಕ್ಕೊಂದು ಮುಖ್ಯ ಕಾರಣ. ಆದರೆ ಈ ಕಾಯಿಲೆ ಬರಲು ಯುದ್ಧಕ್ಕೇ ಹೋಗಬೇಕಿಲ್ಲ. ಮನೆಯ ನಾಲ್ಕು ಗೋಡೆಯೊಳಗೂ ಬರುತ್ತದೆ.

ಈ ಕಾಯಿಲೆ ಇರುವವರಲ್ಲಿ ಧೂಮಪಾನ ಉಳಿದವರಿಗಿಂತ ಹೆಚ್ಚು. ಬಿಡುವುದೂ ಅವರಿಗೆ ಹೆಚ್ಚು ಕಷ್ಟ. ಒಬ್ಬ ಹೆಣ್ಣುಮಗಳು ನನಗೆ ಹೇಳಿದಳು: "ಮೇಡಮ್ಮೋರೇ, ಊಟ ಬೇಕಾದ್ರೆ ಬಿಟ್ಟೇನು. ಬೀಡಿ ಬಿಟ್ರೆ ಆ ರಾತ್ರಿಯೆಲ್ಲ ಕಣ್ಮುಂದೆ ಬರ್ತದೆ." ಅವಳ ಮಾತು ಸುಳ್ಳಲ್ಲ. ಒಂದು ದಮ್ಮು ಎಳೆದರೆ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ, ಜೀವ ಹಗುರಾಗುತ್ತದೆ. ಆದರೆ ಎರಡು ಗಂಟೆಯೊಳಗೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಡುಕು, ನಿದ್ದೆಗೇಡು ಶುರು. ಇವೆಲ್ಲ ಹಳೇ ಭಯದ ಲಕ್ಷಣಗಳಂತೆಯೇ ಇರುತ್ತವೆ. ಹಾಗಾಗಿ ಅವಳು ಇನ್ನೊಂದು ಬೀಡಿ ಹಚ್ಚುತ್ತಾಳೆ. ಬೀಡಿ ತಾನೇ ಎಬ್ಬಿಸಿದ ಸಂಕಟವನ್ನು ತಾನೇ ತಣಿಸಿ, ಉಪಕಾರ ಮಾಡಿದಂತೆ ತೋರಿಸಿಕೊಳ್ಳುತ್ತದೆ.

ಇಂಥವಳಿಗೆ ನಾವು ಎರಡು ಬಗೆಯ ಬುದ್ಧಿ ಹೇಳುತ್ತೇವೆ. "ಮೊದಲು ಈ ಚಟ ಬಿಡು, ಆಮೇಲೆ ನಿನ್ನ ಕಷ್ಟ ನೋಡೋಣ" ಎನ್ನುವುದು ಒಂದು. "ಪಾಪ, ನೊಂದವಳು, ಬೀಡಿಯನ್ನಾದರೂ ಸೇದಲಿ ಬಿಡಿ" ಎನ್ನುವುದು ಇನ್ನೊಂದು. ಎರಡನೆಯ ಮಾತನ್ನು ಓದಿದವರೂ ಬಹುಕಾಲ ನಂಬಿದ್ದರು. ತಂಬಾಕು ಬಿಡಿಸಿದರೆ ಮನಸ್ಸು ಮತ್ತೆ ಕೆಡುತ್ತದೆ ಎಂಬ ಹೆದರಿಕೆ ಇತ್ತು.

ಆ ಹೆದರಿಕೆಯನ್ನು ಅಮೆರಿಕದ ಮಾಜಿ ಸೈನಿಕರ 10 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದರು. ಈ ಕಾಯಿಲೆ ಇದ್ದು ಸಿಗರೇಟು ಸೇದುತ್ತಿದ್ದ 943 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪನ್ನು ಸಿಗರೇಟು ಬಿಡಿಸುವ ಬೇರೆ ವಿಭಾಗಕ್ಕೆ ಕಳಿಸಿದರು. ಇನ್ನೊಂದು ಗುಂಪಿಗೆ, ಮನಸ್ಸಿನ ಚಿಕಿತ್ಸೆ ಕೊಡುತ್ತಿದ್ದವರೇ ಸಿಗರೇಟು ಬಿಡಲೂ ನೆರವಾದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ವರ್ಷಕಾಲ ಸಿಗರೇಟು ಮುಟ್ಟದೆ ಉಳಿದವರು ಬೇರೆ ವಿಭಾಗಕ್ಕೆ ಹೋದವರಲ್ಲಿ ನೂರಕ್ಕೆ 4.5, ಒಟ್ಟಿಗೆ ಚಿಕಿತ್ಸೆ ಪಡೆದವರಲ್ಲಿ 8.9. ದೊಡ್ಡ ಸಂಖ್ಯೆಯಲ್ಲ, ನಿಜ. ಆದರೆ ಸುಮಾರು ಎರಡರಷ್ಟು. ಒಟ್ಟಿಗೆ ಚಿಕಿತ್ಸೆ ಪಡೆದವರು ಹೆಚ್ಚು ಸಲ ಸಲಹೆಗೆ ಬಂದದ್ದು, ಔಷಧಿಯನ್ನು ಹೆಚ್ಚು ದಿನ ಬಳಸಿದ್ದು ಇದಕ್ಕೆ ಕಾರಣಗಳಲ್ಲಿ ಸೇರಿವೆ. ಇನ್ನೂ ಮುಖ್ಯವಾದದ್ದೆಂದರೆ, ಸಿಗರೇಟು ಬಿಟ್ಟವರ ಮನಸ್ಸಿನ ಕಾಯಿಲೆ ಅದರಿಂದ ಹೆಚ್ಚಾಗಲಿಲ್ಲ.

ಅವರು ಸೈನಿಕರು, ಬಹುಪಾಲು ಗಂಡಸರು. ನಮ್ಮ ಹೆಂಗಸರ ಪಾಡು ಬೇರೆ. ನಮ್ಮ ದೇಶದ 2016-17ರ ಸಮೀಕ್ಷೆಯಂತೆ ಹೆಂಗಸರಲ್ಲಿ ನೂರಕ್ಕೆ 2 ಮಂದಿ ಸೇದುತ್ತಾರೆ. ಹೊಗೆಸೊಪ್ಪು, ಕಡ್ಡಿಪುಡಿಯಂಥ ಹೊಗೆಯಿಲ್ಲದ ತಂಬಾಕು ಬಳಸುವವರು 12.8. ಆದರೂ ನಂಬಿದವರ ಹತ್ತಿರವೇ ಎರಡೂ ನೋವಿಗೆ ಮದ್ದು ಸಿಗಬೇಕೆಂಬ ಪಾಠ ನಮಗೂ ಸಲ್ಲುತ್ತದೆ.

ಹಾಗಾದರೆ ಸಂಘದವರು ಏನು ಮಾಡಬೇಕು? ಹೊಡೆತ ಇನ್ನೂ ನಡೆದಿದ್ದರೆ ಮೊದಲು ಅವಳ ರಕ್ಷಣೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಬಳಿ ಹೋಗಿ. 181ಕ್ಕೆ ಫೋನ್ ಮಾಡಿ. ಬೀಡಿ ಬಿಟ್ಟಮೇಲೇ ಸಹಾಯ ಎಂಬ ಷರತ್ತು ಬೇಡ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಅವಳ ಜೊತೆಗೆ ಒಬ್ಬರು ಹೋಗಿ. ನಿದ್ದೆ, ಕನಸು, ಭಯ ಹೇಳುವಾಗಲೇ ತಂಬಾಕಿನ ವಿಷಯವನ್ನೂ ನಾಚಿಕೆಯಿಲ್ಲದೆ ಹೇಳಲಿ. ಆಘಾತಕ್ಕೆ ಮಾತಿನ ಚಿಕಿತ್ಸೆಯಿದೆ, ಮಾತ್ರೆಯೂ ಇದೆ. ತಂಬಾಕಿಗೆ ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ ಇವೆ. ವೈದ್ಯರನ್ನು ಕೇಳಿ ಬಳಸಬೇಕು. ದೂರ ಹೋಗಲಾಗದವರಿಗೆ ಮನಸ್ಸಿನ ನೋವಿಗೆ ಟೆಲಿ ಮಾನಸ್, 14416. ತಂಬಾಕು ಬಿಡಲು 1800-11-2356. ಎರಡೂ ಪುಕ್ಕಟೆ.

ಬಿಡುವ ದಿನವನ್ನು ಅವಳೇ ಆರಿಸಲಿ. ಕೋರ್ಟಿನ ತಾರೀಖಿನ ಆಸುಪಾಸು ಬೇಡ. ಮೊದಲ ವಾರ ಬಲು ಕಷ್ಟ. ಮೂರ್ನಾಲ್ಕು ವಾರದಲ್ಲಿ ಚಡಪಡಿಕೆ ಬಹಳಷ್ಟು ಇಳಿಯುತ್ತದೆ. ಆ ದಿನಗಳಲ್ಲಿ ಸಂಜೆ ಹೊತ್ತು ಯಾರಾದರೂ ಅವಳ ಜೊತೆ ಕೂರಿ. ರಾತ್ರಿ ಭಯವಾದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ.

ನಡುವೆ ಮತ್ತೆ ಸೇದಿದಳೆನ್ನಿ. ಉಳಿತಾಯದ ಹಣ ತಡವಾದರೆ ನಾವು ದಂಡ ಹಾಕುತ್ತೇವೆ. ಇದಕ್ಕೆ ದಂಡ ಬೇಡ, ಚುಚ್ಚುಮಾತೂ ಬೇಡ. ಬೈಗುಳವನ್ನು ಅವಳು ಆ ಮನೆಯಲ್ಲಿ ಬೇಕಾದಷ್ಟು ಕೇಳಿ ಬಂದಿದ್ದಾಳೆ. ಬಹಳ ಮಂದಿ ಹಲವು ಸಲ ಪ್ರಯತ್ನಿಸಿದ ಮೇಲೇ ಬಿಟ್ಟಿದ್ದಾರೆ. ಇನ್ನೊಂದು ದಿನ ಗೊತ್ತುಮಾಡಿ, ಮತ್ತೆ ಜೊತೆಗೆ ನಿಲ್ಲಿ.

ಹೊಡೆದವನ ಮನೆಯಿಂದ ಅವಳನ್ನು ಹೊರಗೆ ತಂದದ್ದು ಅರ್ಧ ಕೆಲಸ. ಅವಳು ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಬೇಕು, ಅವಳ ಉಸಿರೂ ಉಳಿಯಬೇಕು. ಒಂದಾದ ಮೇಲೆ ಒಂದು ಎಂದು ಕಾಯುತ್ತ ಕೂರದೆ, ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.