ಕರ್ನಾಟಕ ಗೆದ್ದಾಗ ಗಣಿ ನಡೆಯುತ್ತಿತ್ತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದದ್ದೂ ಅದೇ ವರ್ಷ. ಪ್ರಸನ್ನ ಅವರ ತಂಡ ಸತತ 15 ಸಲ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲೇ ಮನೆಗೆ ಕಳಿಸಿ, ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗ ಇನ್ನೂ ಒಂದು ವರ್ಷವೂ ಆಗಿರಲಿಲ್ಲ.

ನಾನು ಮಾತಾಡಬೇಕೆಂದಿರುವುದು ಗೆಲ್ಲದೇ ಇದ್ದ ವರ್ಷಗಳ ಬಗ್ಗೆ. 1999ರಲ್ಲಿ ಗೆದ್ದ ಕರ್ನಾಟಕ ಮತ್ತೆ ಗೆಲ್ಲಲು 2014ರ ಫೆಬ್ರವರಿ ಬರಬೇಕಾಯಿತು.

1999ರ ಫೈನಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮಧ್ಯಪ್ರದೇಶದ ಮೇಲೆ. ಮೊದಲ ಇನಿಂಗ್ಸ್‌ನಲ್ಲಿ ನಾವು 75 ರನ್ ಹಿಂದೆ. ಪಂದ್ಯ ಡ್ರಾ ಆಗಿದ್ದರೂ ಕಪ್ ಅವರದೇ. ಕೊನೆಯ ದಿನ ವಿಜಯ್ ಭಾರದ್ವಾಜ್ ಆಫ್‌ಸ್ಪಿನ್ ಹಾಕಿ 24 ರನ್‌ಗೆ 6 ವಿಕೆಟ್ ಕಿತ್ತರು, 96 ರನ್‌ಗಳಿಂದ ಗೆದ್ದೆವು. ಸೋತ ತಂಡದ ನಾಯಕ ಚಂದ್ರಕಾಂತ್ ಪಂಡಿತ್ 23 ವರ್ಷ ಬಿಟ್ಟು ಅದೇ ಮೈದಾನಕ್ಕೆ ಕೋಚ್ ಆಗಿ ಬಂದು ಮಧ್ಯಪ್ರದೇಶಕ್ಕೆ ಕಪ್ ಗೆದ್ದುಕೊಟ್ಟರು. ನಮ್ಮವರು ಅವರಷ್ಟು ಕಾಯಲಿಲ್ಲ, ಅದೊಂದು ಸಮಾಧಾನ.

ಆಗ ನಾನು ಹನ್ನೆರಡರ ಹುಡುಗ. ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲೇ ಇತ್ತು, ಕೆಜಿಎಫ್ ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲಿ. ಊರಿಗೊಂದು ಎಸ್‌ಟಿಡಿ ಬೂತ್. ಬಿಸಿಯೂಟ ಇರಲಿಲ್ಲ, ಎಂಟನೇ ತರಗತಿಗೆ ಸೈಕಲ್ಲೂ ಇರಲಿಲ್ಲ. ಇನ್ಫೋಸಿಸ್ ಷೇರು ಅದೇ ಮಾರ್ಚ್‌ನಲ್ಲಿ ಅಮೆರಿಕದ ನಾಸ್ಡಾಕ್ ಸೇರಿತ್ತು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಕಂಪ್ಯೂಟರುಗಳು 2000 ಬಂದಾಗ 1900 ಎಂದುಕೊಂಡಾವು ಎಂದು ಪ್ರಪಂಚವೆಲ್ಲ ಹೆದರಿತ್ತು. ಆ ಹೆದರಿಕೆಯಿಂದ ಬೆಂಗಳೂರಿನಲ್ಲಿ ಎಷ್ಟೋ ಜನ ಅನ್ನ ಉಂಡರು. ನನ್ನ ಕಸುಬಿನ ಹಿರಿಯರು ಅವರೇ.

ಗಣಿ ಇನ್ನೂ ನಡೆಯುತ್ತಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆದರೆ ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಾ ಬಂದಿತ್ತು, ತೆಗೆಯುವ ಖರ್ಚು ಏರುತ್ತಲೇ ಇತ್ತು. ಸಾಲದ್ದಕ್ಕೆ ಅದೇ 1999ರಲ್ಲಿ ಚಿನ್ನದ ಬೆಲೆ ಲಂಡನ್ನಿನಲ್ಲಿ ಔನ್ಸಿಗೆ ಸುಮಾರು 252 ಡಾಲರಿಗೆ ಬಿತ್ತು. 20 ವರ್ಷಗಳಲ್ಲೇ ಅತಿ ಕಡಿಮೆ ಬೆಲೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಕರ್ನಾಟಕ ಮತ್ತೆ ರಣಜಿ ಗೆಲ್ಲುವ ಹೊತ್ತಿಗೆ ಅದೇ ಔನ್ಸ್ ಚಿನ್ನ 1,200 ಡಾಲರ್ ದಾಟಿತ್ತು, ಗಣಿಯ ತುಂಬ ನೀರು ನಿಂತಿತ್ತು. ಬೆಲೆಯೊಂದೇ ಗಣಿಯನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಆದರೂ ಈ ಲೆಕ್ಕ ಹಾಕಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾನಾಗ ಎಂಟನೇ ತರಗತಿ. ಜೂನ್‌ನಲ್ಲಿ ಒಂಬತ್ತಕ್ಕೆ ಬಂದು ಕೂತಾಗ ಹಿಂದಿನ ಎರಡು ಬೆಂಚು ಖಾಲಿ. ಹೊಸೂರು, ಚೆನ್ನೈ, ತಿರುಪ್ಪೂರು, ಎಲ್ಲೆಲ್ಲಿಗೋ ಹೋಗಿದ್ದರು. ಮನೆಯಲ್ಲಿ ತಮಿಳು ಮಾತಾಡಿ ಕನ್ನಡ ಡಿಕ್ಟೇಷನ್‌ನಲ್ಲಿ ನಮಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ ಒಬ್ಬನಿದ್ದ. ಭಾರದ್ವಾಜರ ಹಾಗೆ ಆಫ್‌ಸ್ಪಿನ್ ಹಾಕುತ್ತೇನೆಂದು ಕನ್ನಡಕವನ್ನೂ ಎರವಲು ಪಡೆದು ಹಾಕಿಕೊಂಡು ಬರುತ್ತಿದ್ದ. ನಮ್ಮಪ್ಪ ಗಣಿಯ ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದರು. ವರ್ತನೆಯ ಪುಸ್ತಕದಲ್ಲಿ ಒಂದೊಂದೇ ಹೆಸರಿಗೆ ಗೀಟು ಬಿತ್ತು. ಅವನ ಮನೆಯದೂ ಬಿತ್ತು.

ಉಳಿದವರು ರೈಲು ಹತ್ತಿದೆವು. ಗಣಿಗೆ ಜನರನ್ನು ತಂದ ಮಾರಿಕುಪ್ಪಂ ಹಳಿಯೇ ಅವರ ಮಕ್ಕಳನ್ನು ಬೆಂಗಳೂರಿಗೆ ಒಯ್ಯತೊಡಗಿತು. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನೂ ಮೂರು ವರ್ಷ ಹಾಗೆಯೇ ಓಡಾಡಿದೆ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು ಬರೀ 6 ರನ್‌ಗಳಿಂದ ಸೋತಾಗ ಬೋಗಿಯಲ್ಲಿ ಯಾರಿಗೂ ಮಾತೇ ಹೊರಡಲಿಲ್ಲ. ಕೊನೆಗೆ ವಿನಯ್ ಕುಮಾರ್ ತಂಡ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿತು. ಅಷ್ಟರಲ್ಲಿ ಶ್ರೀನಾಥ್, ಕುಂಬ್ಳೆ, ದ್ರಾವಿಡ್ ಎಲ್ಲರೂ ನಿವೃತ್ತರಾಗಿದ್ದರು.

ಸಮಿತಿಯವರಲ್ಲಿ ಒಂದು ವಿನಂತಿ. ಸಂಚಿಕೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರ ಹೆಸರು ಮಾತ್ರ ಇದೆ. 2001ರಲ್ಲಿ ಟಿ.ಸಿ. ತೆಗೆದುಕೊಂಡು ಹೋದವರ ಹೆಸರುಗಳು ದಾಖಲಾತಿ ಪುಸ್ತಕದಲ್ಲಿ ಸಿಗುತ್ತವೆ. ಅವನ್ನೂ ಸೇರಿಸಿ. ಟೈಪ್ ಮಾಡುವ ಕೆಲಸ ನನಗಿರಲಿ, ಬರುವ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ.