ಬಾಯಿಹುಣ್ಣಿನ ಒಂದು ಚೂರು ಏನು ಹೇಳುತ್ತದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ನಮ್ಮ ಎಷ್ಟೋ ಮಂದಿಗೆ ಬೀಡಿ ಕಟ್ಟುವುದೇ ಜೀವನ. ತಡ್ಪೆ ಮಡಿಲಲ್ಲಿಟ್ಟು ಕೂತರೆ ಕೆಲವರಿಗೆ ಬಾಯಿಗೆ ಎಲೆಯಡಿಕೆ, ಅದಕ್ಕೊಂದು ಚೂರು ಹೊಗೆಸೊಪ್ಪು ಬೇಕೇ ಬೇಕು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ತಿಂದರೆ ಏನೂ ಆಗುವುದಿಲ್ಲ ಅನ್ನುವವರಿದ್ದಾರೆ. ಅಡಿಕೆ ನಮ್ಮ ತೋಟದ್ದೇ, ಹೇಳಲು ನನಗೂ ಕಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಕೆನ್ನೆಯ ಒಳಗೆ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು-ಮೂರು ವಾರವಾದರೂ ಮಾಯದಿದ್ದರೆ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದೇ ಬಯಾಪ್ಸಿ. "ಕತ್ತರಿ ತಾಗಿದ್ರೆ ಹರಡ್ತದೆ ಮಾರಾಯ್ತಿ" ಎಂದು ಹೆದರಿ ಪರೀಕ್ಷೆ ಬಿಟ್ಟು ಬರುವವರಿದ್ದಾರೆ. ಆ ಹೆದರಿಕೆ ಬೇಡ. ತಡ ಮಾಡಿದಷ್ಟು ದಿನವೂ ಗಡ್ಡೆ ಬೆಳೆಯುತ್ತಾ ಹೋಗುತ್ತದೆ.

ಆ ಚೂರಿನಲ್ಲಿ ಏನು ಕಾಣುತ್ತದೆ ಗೊತ್ತುಂಟಾ? ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರ್ ಕಣಗಳ ಸುತ್ತಮುತ್ತ ಕಡುನೀಲಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ಅವು ಲಿಂಫೋಸೈಟ್, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ತೋಟಕ್ಕೆ ಹಂದಿ ನುಗ್ಗಿದಾಗ ಬೇಲಿಯ ಹೊರಗೆ ನಿಂತು ಬೊಬ್ಬೆ ಹಾಕುವವರೂ ಇರುತ್ತಾರೆ, ಒಳಗೆ ಇಳಿದು ಓಡಿಸುವವರೂ ಇರುತ್ತಾರೆ ಅಲ್ವಾ? ಇಲ್ಲಿಯೂ ಹಾಗೆಯೇ. ಈ ಕಣಗಳು, ಅದರಲ್ಲೂ ಸಿಡಿ8 ಎಂಬ ಜಾತಿಯವು, ಗಡ್ಡೆಯ ಒಳಗೇ ತುಂಬಾ ಸೇರಿದ್ದರೆ ರೋಗಿ ಹೆಚ್ಚು ಕಾಲ ಬದುಕುವ ಸಾಧ್ಯತೆ ಸಾಮಾನ್ಯವಾಗಿ ಜಾಸ್ತಿ ಎಂದು ಹಲವು ಅಧ್ಯಯನಗಳು ತೋರಿಸಿವೆ. ಒಳಗೆ ಹೋಗದಿದ್ದರೆ ಕಡಿಮೆ. ಹಾಗಂತ ಇದೊಂದೇ ಜಾತಕ ಅಲ್ಲ. ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯಾ ಎಂದು ನೋಡಿಯೇ ಡಾಕ್ಟರು ಚಿಕಿತ್ಸೆ ನಿರ್ಧರಿಸುತ್ತಾರೆ.

ಒಳಗೆ ಹೋದ ಕಣಗಳನ್ನೂ ಕ್ಯಾನ್ಸರ್ ಕೈಕಟ್ಟಿ ಕೂರಿಸುವುದುಂಟು. ಆ ಕಟ್ಟು ಬಿಚ್ಚುವ ಔಷಧಿ ಬಂದಿದೆ, ಕ್ರಯ ಮಾತ್ರ ವಿಪರೀತ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಪೂರ್ತಿ ಗುಣಪಡಿಸಲಾಗದ ಹಂತಕ್ಕೆ ಬಂದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಅದನ್ನು ಬಹಳ ಕಡಿಮೆ ಪ್ರಮಾಣದಲ್ಲಿ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಬದುಕಿದ್ದವರು ಬರೀ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 16, ಈ ಔಷಧಿಯೂ ಸಿಕ್ಕಿದವರಲ್ಲಿ ಸುಮಾರು 43.

ಮುಂದಿನ ಸಭೆಗೆ ಬರುವಾಗ ಒಂದು ಕನ್ನಡಿ, ಒಂದು ಟಾರ್ಚ್ ತನ್ನಿ. ಕೆನ್ನೆಯ ಒಳಗೆ, ನಾಲಗೆಯ ಅಡಿಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಒಟ್ಟಿಗೆ ಕಲಿಯುವ.