ಮಾತು ತಡವಾದ ಕೂಸು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಊರುಗಳ ಸೀಮೆಯಲ್ಲಿ ಮನೆಯೊಳಗಿನ ಮಾತು ಒಂದು, ಬೀದಿಯ ಮಾತು ಮತ್ತೊಂದು ಆಗಿರುವ ಸಂಸಾರಗಳು ಬಹಳ. ಒಳಗೆ ಅಜ್ಜಿ ತೆಲುಗಿನಲ್ಲಿ ಕೂಸನ್ನು ಮುದ್ದಿಸುವಳು. ಹೊರಗೆ ಅಂಗನವಾಡಿಯಲ್ಲಿಯೂ ಅಂಗಡಿಯಲ್ಲಿಯೂ ಕನ್ನಡ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಕೇರಿಗಳಿಗೆ ಹೋದರೆ ಮೂರನೆಯದಾಗಿ ದಖನಿ ಉರ್ದುವೂ ಕಿವಿಗೆ ಬೀಳುವುದು. ಇಂತಹ ಕಡೆ ಎರಡು ವರ್ಷ ತುಂಬಿದ ಮಗು ಬಾಯಿ ಬಿಡದಿದ್ದರೆ, ಜನರು ಮೊದಲು ದೂರುವುದು ಭಾಷೆಯನ್ನೇ.

“ಎರಡು ಭಾಷೆ ಕೇಳಿ ಮಗುವಿಗೆ ಗಲಿಬಿಲಿಯಾಗಿದೆ, ತೆಲುಗನ್ನು ನಿಲ್ಲಿಸಿ” ಎಂದು ಒಬ್ಬರು ಹೇಳುವರು. “ಎರಡನ್ನೂ ಬಿಟ್ಟು ಇಂಗ್ಲೀಷನ್ನೇ ಆಡಿ, ಮುಂದೆ ಶಾಲೆಗೆ ಬೇಕಾಗುವುದು” ಎಂದು ಬೆಂಗಳೂರಿನಲ್ಲಿ ನೆಲೆಸಿದ ನೆಂಟರು ಬುದ್ಧಿ ಹೇಳುವರು. “ಅವರಪ್ಪನೂ ಮಾತಾಡಿದ್ದು ನಾಲ್ಕು ವರ್ಷಕ್ಕೇ, ಗಂಡುಕೂಸಿಗೆ ಮಾತು ನಿಧಾನ” ಎಂದು ಹಿರಿಯರ ಸಮಾಧಾನ. ನಾಲಗೆ ದಪ್ಪವೆಂದು ಬಜೆ ತೇಯ್ದು ನೆಕ್ಕಿಸುವವರೂ ಉಂಟು. ಬಜೆಯ ವಿಷಯವಾಗಿ ನಾವು ಹೆಚ್ಚು ಹೇಳಹೊರಟಿಲ್ಲ. ಕೇಳದ ಕಿವಿಗೆ ಅದು ಮದ್ದಲ್ಲವೆಂಬಷ್ಟು ಸಾಕು.

ಮಹಾಶಯರೇ, ಭಾಷೆಯ ಮೇಲಿನ ಈ ಆರೋಪವನ್ನು ಮೊದಲು ವಿಚಾರಿಸೋಣ. ಒಂದು ಭಾಷೆಯ ಮನೆಯ ಮಕ್ಕಳಿಗೂ ಎರಡು ಭಾಷೆಯ ಮನೆಯ ಮಕ್ಕಳಿಗೂ ಮೊದಲ ಮಾತು ಹೊರಡುವ ಕಾಲ ಹೆಚ್ಚುಕಡಿಮೆ ಒಂದೇ, ಅಂದರೆ ವರ್ಷ ತುಂಬುವ ಆಸುಪಾಸು. ಹಲವು ದೇಶಗಳ ಪಂಡಿತರು ಪರೀಕ್ಷಿಸಿ ಕಂಡ ಸಂಗತಿ ಇದು. ಎರಡು ಭಾಷೆಯ ಕೂಸಿಗೆ ಒಂದೊಂದು ಭಾಷೆಯಲ್ಲಿ ಮಾತು ಕೊಂಚ ಕಡಮೆ ಇರಬಹುದು; ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಹೋಗುವುದು. ಅಜ್ಜಿಯ ಬಳಿ “ಪಾಲು”, “ರಾ” ಎನ್ನುವ ಮಗು ಪಕ್ಕದ ಮನೆಯಲ್ಲಿ “ನಾಯಿ”, “ಬಾ” ಎಂದರೆ, ಅದಕ್ಕೆ ಬರುವ ಮಾತು ಎರಡಲ್ಲ, ನಾಲ್ಕು. ಕನ್ನಡವನ್ನು ಮಾತ್ರ ಎಣಿಸುವವರಿಗೆ ಅದು ಹಿಂದುಳಿದಂತೆ ಕಂಡರೆ ತಪ್ಪು ಎಣಿಸಿದವರದು. ಕೈವಾರದ ನಾರೇಯಣ ಯತೀಂದ್ರರು ಹಾಡಿದ್ದು ಎರಡು ಭಾಷೆಗಳಲ್ಲಿಯೂ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆಮಾತು ತೆಲುಗು. ದೊಡ್ಡವರ ಹೆಸರಿನಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಆ ಸೀಮೆಯಲ್ಲಿ ತಲೆಮಾರುಗಳಿಂದ ಎರಡು ಮಾತಿನಲ್ಲಿ ಬೆಳೆದು ಗಂಟೆಗಟ್ಟಲೆ ಹರಟುವ ಜನರಿದ್ದಾರಲ್ಲ, ಅವರ ಸಾಕ್ಷ್ಯ ಸಾಲದೇ?

ಮನೆಯ ಭಾಷೆಯನ್ನು ನಿಲ್ಲಿಸಿದರೆ ನಷ್ಟವೇ ಹೆಚ್ಚು. ಬಾರದ ಇಂಗ್ಲೀಷಿನಲ್ಲಿ ತಾಯಿ “ಕಮ್”, “ಈಟ್”, “ನೋ” ಎಂದು ಮೂರು ಮಾತು ಆಡಿ ಸುಮ್ಮನಾಗುವಳು. ಅಜ್ಜಿಗಂತೂ ಬಾಯೇ ಕಟ್ಟಿಹೋಗುವುದು. ಮಾತು ಬೇಕಾದ ಮಗುವಿಗೆ ಮಾತಿನ ಬರ. ಆ ಹೊತ್ತಿಗೆ ಮೊಬೈಲು ಫೋನಿನ ಚಿತ್ರಗಳನ್ನು ಮುಂದಿಡುವರು. ಎರಡು ವರ್ಷದೊಳಗಿನ ಕೂಸಿಗೆ ಅಂತಹ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗುವಿನ ತೊದಲಿಗೆ ಮರುಮಾತಾಡುವುದು ಪರದೆಯಿಂದ ಆಗತಕ್ಕ ಕೆಲಸವಲ್ಲ.

ಹಾಗಾದರೆ ಯಾವಾಗ ಎಚ್ಚರವಾಗಬೇಕು? ವರ್ಷ ತುಂಬಿದ ಕೂಸು ತೊದಲಬೇಕು, ಬೇಕಾದುದನ್ನು ಬೆರಳಿಟ್ಟು ತೋರಿಸತೊಡಗಬೇಕು, ಹೆಸರು ಹಿಡಿದು ಕರೆದರೆ ತಿರುಗಬೇಕು. ಒಂದೂವರೆ ವರ್ಷಕ್ಕೆ ಕೆಲವು ಮಾತಾದರೂ ಇರಬೇಕು. ಎರಡು ವರ್ಷಕ್ಕೆ, ಭಾಷೆ ಯಾವುದಾದರೂ ಆಗಲಿ, ಸುಮಾರು 50 ಮಾತುಗಳು, ಮತ್ತು “ಅಮ್ಮ ಬಾ” ಎಂಬಂತೆ ಎರಡನ್ನು ಜೋಡಿಸುವ ಶಕ್ತಿ. ಬಂದ ಮಾತು ಹಿಂದೆ ಸರಿದುಹೋದರೆ, ವಯಸ್ಸು ಎಷ್ಟೇ ಇರಲಿ, ಒಡನೆಯೇ ತೋರಿಸತಕ್ಕದ್ದು. ತಡವಾಗಿ ಮಾತಾಡುವ ಮಕ್ಕಳಲ್ಲಿ ಅನೇಕರು ಮೂರು ನಾಲ್ಕು ವರ್ಷಕ್ಕೆ ಸರಿಹೋಗುವರೆಂಬುದು ನಿಜವೇ. ಹಿರಿಯರ ಸಮಾಧಾನದಲ್ಲಿ ಆ ಮಟ್ಟಿಗೆ ಹುರುಳುಂಟು. ಆದರೆ ಸರಿಹೋಗುವ ಮಗು ಯಾವುದು, ಹೋಗದ ಮಗು ಯಾವುದು ಎಂಬುದನ್ನು ಎರಡನೆಯ ವರ್ಷದಲ್ಲಿ ಮುಖ ನೋಡಿ ಹೇಳಬಲ್ಲವರಿಲ್ಲ.

ಎಲ್ಲಕ್ಕೂ ಮೊದಲು ನೋಡಬೇಕಾದುದು ಕಿವಿ. ಗೌರಿಬಿದನೂರಿನ ಬಳಿ ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ವೇಧಶಾಲೆ 1976ರಿಂದ ಇದೆ. ಅದೇ ಸೀಮೆಯ ತೊಟ್ಟಿಲಲ್ಲಿ ಮಲಗಿದ ಕೂಸಿಗೆ ತಾಯಿಯ ದನಿ ಕೇಳುತ್ತಿದೆಯೇ ಎಂಬುದು ಎರಡು ವರ್ಷ ಯಾರಿಗೂ ತಿಳಿಯದೆ ಉಳಿಯಬಹುದು. ಏಕೆಂದರೆ ಕಿವುಡು ಕೂಸು ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ಅಳುವುದು, ನಗುವುದು, ದನಿಗೈಯುವುದು. “ತಟ್ಟೆ ಬಡಿದೆವು, ತಿರುಗಿ ನೋಡಿತು” ಎಂದು ಮನೆಯವರು ಹೇಳುವರು. ಬಡಿಯುವ ಕೈಯ ನೆರಳನ್ನು ಅದು ಕಂಡಿರಬಹುದು. ನೆಲದ ಅದುರು ಅದಕ್ಕೆ ತಾಕಿರಬಹುದು. ತಟ್ಟೆಯ ಸದ್ದು ಕೇಳಿಯೂ ಮಾತಿನ ಮೆಲುದನಿಗಳು ಕೇಳದ ಅರೆಕಿವುಡೂ ಉಂಟು. ಮೇಲಿಂದ ಮೇಲೆ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತರೂ ಕೆಲಕಾಲ ಹಾಗಾಗುವುದು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ವಾಡಿಕೆಯಿಂದ ಹುಟ್ಟುಕಿವುಡಿನ ಸಂಭವ ಹೆಚ್ಚುವುದೆಂಬುದನ್ನೂ ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಪರೀಕ್ಷೆಯಾದರೋ ಸುಲಭ. ನಿದ್ರಿಸುವ ಕೂಸಿನ ಕಿವಿಯಲ್ಲಿ ಸಣ್ಣ ಬಿರಡೆಯಿಟ್ಟು ಸದ್ದನ್ನು ಕಳುಹಿಸಿ, ಒಳಗಿವಿಯಿಂದ ಮರಳುವ ಕ್ಷೀಣ ದನಿಯನ್ನು ಯಂತ್ರ ಹಿಡಿಯುವುದು. ಸೂಜಿಯಿಲ್ಲ, ನೋವಿಲ್ಲ, ಕೆಲವು ನಿಮಿಷಗಳ ಕೆಲಸ. ಹುಟ್ಟಿದ ಒಂದು ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ಶಿಕ್ಷಣ, ಇದು ತಜ್ಞರ ಗುರಿ. ಮಿದುಳು ಸದ್ದಿಗೆ ಅರ್ಥ ಕಟ್ಟುವ ಕಾಲ ಮೊದಲ ಮೂರು ವರ್ಷಗಳಲ್ಲಿ ಬಲವಾಗಿರುವುದು, ಆಮೇಲೆ ಇಳಿಯುವುದು. ಒಂದನೆಯ ವರ್ಷದಲ್ಲಿ ನೆರವು ದೊರೆತ ಮಗುವಿಗೂ ಐದನೆಯ ವರ್ಷದಲ್ಲಿ ದೊರೆತ ಮಗುವಿಗೂ ಬಾಳೆಲ್ಲ ಅಂತರ ಉಳಿಯುವುದು. “ಇನ್ನೊಂದು ವರ್ಷ ನೋಡೋಣ” ಎಂಬ ಮಾತಿನ ಬೆಲೆ ಅದು.

ಕಿವಿ ಸರಿಯಿದ್ದೂ ಕರೆದರೆ ತಿರುಗದ, ಕಣ್ಣಿಗೆ ಕಣ್ಣು ಕೊಡದ ಮಕ್ಕಳ ವಿಷಯ ಬೇರೆ. ಅವರಿಗೂ ಬೇಗನೆ ತೋರಿಸಿದಷ್ಟು ಒಳಿತು.

ಎಲ್ಲಿ ತೋರಿಸಬೇಕೆಂದು ಕೇಳುವಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರತಕ್ಕದ್ದು. ಕಿವಿ ಕೇಳದಿರುವುದೂ ಮಾತು ತಡವಾಗುವುದೂ ಅವರು ನೋಡಬೇಕಾದ ಪಟ್ಟಿಯಲ್ಲಿವೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇರುವುದು. ಹೋಗುವಾಗ ಮಗು ಆಡುವ ಮಾತುಗಳನ್ನೆಲ್ಲ, ಕನ್ನಡದವನ್ನೂ ತೆಲುಗಿನವನ್ನೂ ಉರ್ದುವಿನವನ್ನೂ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಾಧ್ಯವಾದರೆ ಅಜ್ಜಿಯನ್ನೂ ಕರೆದೊಯ್ಯಿರಿ. ಹಗಲೆಲ್ಲ ಮಗುವಿನ ಜೊತೆಗಿರುವವಳು ಆಕೆ. ಚೀಟಿಯಲ್ಲಿ ಬಿಟ್ಟುಹೋದ ಹತ್ತು ಮಾತುಗಳನ್ನಾದರೂ ಹೇಳಿಯಾಳು.